ಗೆರೆ ಇಲ್ಲದ ಬೆರಳು

“ಚಪ್ಪಲಿ ಹೊರಗೆ ಬಿಟ್ಟು ಬಾ ಬೇವರ್ಸಿ. ಇದೆಂತ ನಿನ್ನ ಕಾಲನಿಯಾ?”

ಹೇಳಿದ್ದು ಪೊಲೀಸರಲ್ಲ, ಗೇರುಬೀಜದ ಕಾರ್ಖಾನೆಯ ಧಣಿ ಸುಬ್ಬರಾಯ. ಎಸ್‌ಐಯ ಎದುರಿನ ಕುರ್ಚಿಯಲ್ಲಿ ಕುಳಿತು ಸ್ಟೇಷನ್ನಿನವರು ತರಿಸಿಕೊಟ್ಟ ಚಹಾ ಆರಿಸಿಕೊಳ್ಳುತ್ತಿದ್ದ. ಅಮ್ಮಣಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮೇಜಿನ ಮೇಲೆ ಅವಳ ಫೋನು ಬಿದ್ದಿತ್ತು. ಬೆಳಿಗ್ಗೆ ಬೋವಿಕಾನದ ಬಸ್‌ಸ್ಟಾಪಿನಲ್ಲಿ, ನಾಲ್ಕು ಜನ ನೋಡುತ್ತಿರುವಾಗ, ಪೊಲೀಸು ಹರಿಣಾಕ್ಷಿ ಅದನ್ನು ಅವಳ ಕುಪ್ಪಸದೊಳಗಿಂದ ಎಳೆದು ತೆಗೆದಿದ್ದಳು.

ಎಸ್‌ಐ ಮಲಯಾಳದಲ್ಲಿ ಏನೋ ಕೇಳಿದ. ಹರಿಣಾಕ್ಷಿ ಕನ್ನಡಕ್ಕೆ ತಂದಳು.

“ಬಾಯ್ಲರಿನ ವಿಡಿಯೋ ಲೇಬರ್ ಆಫೀಸಿಗೆ ಹೋದದ್ದು ಇದರಿಂದ. ನೀನು ಬೀಜ ಒಡೆಯುವವಳು, ಬಾಯ್ಲರ್ ಶೆಡ್ಡಿಗೆ ಹೋಗುವವಳಲ್ಲ. ನಿನಗೆ ಕಳಿಸಿದ್ದು ಯಾರು?”

“ನನಗೆ ಗೊತ್ತಿಲ್ಲ.”

ಹನ್ನೆರಡು ಸೆಕೆಂಡಿನ ವಿಡಿಯೋ. ಬಾಯ್ಲರಿನ ಸಂದಿಯಿಂದ ಉಗಿ ಬುಸುಗುಡುತ್ತಿದೆ. ಬಟ್ಯ ಅದಕ್ಕೆ ಒದ್ದೆ ಗೋಣಿ ಸುತ್ತುತ್ತಾ, “ಧಣಿಗೆ ನಾಲ್ಕು ಸಲ ಹೇಳಿ ಆಯ್ತು” ಅನ್ನುತ್ತಾನೆ. ಮೂರನೆಯ ದಿನ ಬಾಯ್ಲರ್ ಒಡೆಯಿತು. ಬಟ್ಯ ಅಮ್ಮಣಿಯ ತಮ್ಮ. ಕುಡಿದು ವಾಲ್ವ್ ತಿರುಗಿಸಿ ಸತ್ತ ಎಂದು ಸುಬ್ಬರಾಯ ಬರೆಸಿದ್ದ.

ವಿಡಿಯೋ ತೆಗೆದವಳು ಶೆಡ್ಡು ಗುಡಿಸುವ ಪಂಕಜಾಕ್ಷಿ. ಅವಳು ಎರಡು ಮಕ್ಕಳನ್ನು ಕಟ್ಟಿಕೊಂಡು ಇರುವುದು ಸುಬ್ಬರಾಯನ ಜಾಗದ ಶೀಟಿನ ಮನೆಯಲ್ಲಿ. ಹೆಸರು ಸಿಕ್ಕಿದ ದಿನವೇ ಅವಳ ಪಾತ್ರೆಗಳು ರಸ್ತೆಗೆ ಬೀಳುತ್ತವೆ.

“ಮೆಸೇಜಿನ ಕಂಪನಿಗೆ ಮೊದಲೇ ಬರೆದಿದ್ದೆವು, ಅವರತ್ರ ಇಲ್ವಂತೆ,” ಹರಿಣಾಕ್ಷಿ ಹೇಳಿದಳು. “ಮೆಸೇಜು ಕಳಿಸಿದವರಿಗೆ, ಸಿಕ್ಕಿದವರಿಗೆ ಮಾತ್ರ ಕಾಣುದಂತೆ. ನಡುವಿನವರಿಗೆ ಬೀಗ.”

ಸುಬ್ಬರಾಯ ಚಹಾ ಹೀರಿದ. “ಇವಳಿಗೂ ಗುಟ್ಟು ಮಾರಾಯ್ರೆ. ಸೀರೆ ಬದಲಿಸ್ಲಿಕ್ಕೆ ಮನೆಗೆ ಬಾಗಿಲಿಲ್ಲ, ಫೋನಿಗೆ ಬೀಗ.”

“ಬೀಗದ ನಂಬರ್ ಹೇಳು,” ಅಂದಳು ಹರಿಣಾಕ್ಷಿ.

“ಮಗಳು ಹಾಕಿದ್ದು. ಅವಳಿಗೇ ಗೊತ್ತು.”

ಮಗಳು ಮೋಕ್ಷಿತಾಳನ್ನು ಆಗಲೇ ಕೇಳಿಯಾಗಿತ್ತು. ಕಾಲೇಜಿನ ಬ್ಯಾಗು ಮಡಿಲಲ್ಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕುಳಿತಿದ್ದಳು. ಕೇಳಿದ್ದಕ್ಕೆಲ್ಲ, ಕೋರ್ಟಿನ ಕಾಗದ ತನ್ನಿ ಎಂದು ಒಂದೇ ಮಾತು ಆಡಿದ್ದಳು.

“ತಲೆಯೊಳಗಿನ ನಂಬರ್ ಎಳೆದು ತೆಗೀಲಿಕ್ಕೆ ಆಗುದಿಲ್ಲ. ಬೆರಳು ಹೊರಗೇ ಉಂಟಲ್ಲ ಅಂತಾರೆ ಸಾರ್. ಕೈ ತಾ.”

ಹರಿಣಾಕ್ಷಿ ಅಮ್ಮಣಿಯ ಮಣಿಕಟ್ಟು ಹಿಡಿದಳು. ಬಲಗೈಯ ಹೆಬ್ಬೆರಳು ಒತ್ತಿದಳು. ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ತೋರುಬೆರಳು. ನಡುಬೆರಳು. ಒಂದು ಕೈ ಮುಗಿಯುವಾಗ ಅರ್ಧ ನಿಮಿಷ ಕಾಯಿರಿ ಎಂದಿತು. ಕಾದರು. ಎಡಗೈ. ಹತ್ತೂ ಬೆರಳು ಆಯಿತು. ಹರಿಣಾಕ್ಷಿ ಅವಳ ಅಂಗೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

“ಇದರಲ್ಲಿ ಗೆರೆಯೇ ಇಲ್ಲ ಸಾರ್.”

“ರೇಶನ್ ಅಂಗಡಿಯವನೂ ಅದೇ ಹೇಳುದು,” ಅಮ್ಮಣಿ ಹೇಳಿದಳು. “ಐದು ತಿಂಗಳಿಂದ ಆ ಮಿಶಿನಿಗೆ ನಾನು ನಾನಲ್ಲ. ಅಕ್ಕಿಗೆ ಆಗದ ಬೆರಳು ನಿಮಗೆಂತಕ್ಕೆ?”

“ಬಾಯಿ ನೋಡಿ ರಂಡೆಯದ್ದು,” ಅಂದ ಸುಬ್ಬರಾಯ.

ಹದಿನೆಂಟು ವರ್ಷ ಗೇರುಬೀಜದ ಸಿಪ್ಪೆಯ ಎಣ್ಣೆ ತಿಂದ ಬೆರಳುಗಳು ಅವು. ಸುಟ್ಟು, ಸುಲಿದು, ಮತ್ತೆ ಸುಟ್ಟು ಕಪ್ಪಗೆ ನುಣ್ಣಗಾಗಿದ್ದವು. ಹೆಂಗಸರು ಒಮ್ಮೆ ಕೈಗೆ ಗ್ಲೌಸ್ ಕೇಳಿದಾಗ ಸುಬ್ಬರಾಯ, “ಗ್ಲೌಸ್ ಹಾಕಿದ್ರೆ ಬೀಜ ತುಂಡಾಗ್ತದೆ, ಬೂದಿ ಹಚ್ಚಿಕೊಳ್ಳಿ” ಎಂದಿದ್ದ.

“ಮತ್ತೆ ನೀನು ಇದನ್ನು ತೆರೆಯುದು ಹೇಗೆ?”

ಅಮ್ಮಣಿ ತೆರೆಯುತ್ತಿದ್ದದ್ದು ಎಡಗಾಲಿನ ಹೆಬ್ಬೆರಳಿನಿಂದ. ಕೈಬೆರಳು ಒಂದೂ ಹಿಡಿಯದೆ ಹೋದಾಗ ಮೋಕ್ಷಿತಾ ನಗುನಗುತ್ತಾ ಅಮ್ಮನ ಕಾಲು ತೊಳೆದು, ತೊಡೆಯ ಮೇಲಿಟ್ಟುಕೊಂಡು ಫೋನಿಗೆ ಒತ್ತಿಸಿದ್ದಳು. ಈಗ ಬೀಜ ಒಡೆಯುವ ನಾಲ್ಕೈದು ಹೆಂಗಸರದ್ದು ಹೀಗೆಯೇ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಕಾಲು ಚಾಚಿ ಕುಳಿತು ಫೋನು ತೆರೆದು ನಗಾಡುವುದಿತ್ತು.

ಬರಿಗಾಲಿಗೆ ಸಿಮೆಂಟು ತಣ್ಣಗಿತ್ತು. ಅವಳು ಹೆಬ್ಬೆರಳನ್ನು ಒಳಕ್ಕೆ ಮಡಚಿದಳು.

“ಇನ್ನು ಕಾಲಿನದ್ದು ನೋಡ್ಬೇಕಷ್ಟೆ,” ಎಂದು ಸುಬ್ಬರಾಯ ನಕ್ಕ. ಹರಿಣಾಕ್ಷಿಯೂ ನಕ್ಕಳು.

ಎಸ್‌ಐ ನಗಲಿಲ್ಲ. ಮೇಜಿನಿಂದ ಬಾಗಿ ಅಮ್ಮಣಿಯ ಕಾಲು ನೋಡಿದ. ಆಮೇಲೆ ಹರಿಣಾಕ್ಷಿಗೆ ಆ ಕಾಲಿನ ಕಡೆ ಗದ್ದದಲ್ಲೇ ಸನ್ನೆ ಮಾಡಿದ.

ಹರಿಣಾಕ್ಷಿಯ ನಗು ನಿಂತಿತು. “ಕೈ ಹಿಡಿದದ್ದಾಯ್ತು, ಕಾಲನಿಯವಳ ಕಾಲು ಮುಟ್ಟುದು ಸಾರ್... ನನಗೆ ಆಗುದಿಲ್ಲ. ಸಂಜೆ ದೈವಸ್ಥಾನಕ್ಕೆ ಹೋಗ್ಲಿಕ್ಕುಂಟು.”

ಎಸ್‌ಐ ಸುಬ್ಬರಾಯನನ್ನು ನೋಡಿದ. ಸುಬ್ಬರಾಯ ಚಹಾದ ಗ್ಲಾಸಿನ ತಳ ನೋಡಿದ. ಎಸ್‌ಐ ತನ್ನ ಕೈಯನ್ನು ಒಂದು ಸಲ ನೋಡಿಕೊಂಡು ಪ್ಯಾಂಟಿನ ಕಿಸೆಯೊಳಗೆ ಇಟ್ಟ.

“ಗ್ಲೌಸ್ ಉಂಟಾ?” ಎಂದು ಮಲಯಾಳದಲ್ಲೇ ಕೇಳಿದ.

“ಮುಗಿದಿದೆ ಸಾರ್. ನಾಳೆ ತರಿಸುವ.”

“ನಾಳೆ ಹತ್ತು ಗಂಟೆಗೆ ಬರ್ಲಿಕ್ಕೆ ಹೇಳು.”

ಸಂಜೆ, ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ, ಪಂಕಜಾಕ್ಷಿ ಕಾರ್ಖಾನೆಯಿಂದ ಸೆರಗಿನಡಿ ಒಂದು ತೆಂಗಿನ ಗೆರಟೆ ಅಡಗಿಸಿಕೊಂಡು ಅಮ್ಮಣಿಯ ಮನೆಗೆ ಬಂದಳು. ಅಮ್ಮಣಿ ಹೇಳಿ ಕಳಿಸಿದ್ದಳು. ಗೆರಟೆಯ ತುಂಬ ಸಿಪ್ಪೆಯ ಕಪ್ಪು ಎಣ್ಣೆ.

“ಬೇಡ ಅಕ್ಕ. ನಾನೇ ಹೋಗಿ ಹೇಳ್ತೇನೆ, ತೆಗೆದದ್ದು ನಾನು ಅಂತ.”

“ಹೇಳಿ ಎಲ್ಲಿ ಮಲಗ್ತಿ? ಮಕ್ಕಳನ್ನು ಬಸ್‌ಸ್ಟಾಪಿನಲ್ಲಿ ಸಾಕ್ತೀಯಾ? ಇಲ್ಲಿಡು ಅದನ್ನು.”

“ನಂಬರ್ ನಾನು ಹೇಳುದಿಲ್ಲ ಅಮ್ಮ,” ಮೋಕ್ಷಿತಾ ಗೋಡೆಗೆ ಒರಗಿ ನಿಂತಿದ್ದಳು. “ಏನು ಮಾಡಿದ್ರೂ ಹೇಳುದಿಲ್ಲ. ಅಷ್ಟು ಸಾಕಲ್ವಾ?”

“ನಿನ್ನ ತಲೆ ನಿನ್ನದು ಮಗಾ. ನನ್ನ ಕಾಲನ್ನು ಅವರು ನಾಳೆ ಹಿಡೀತಾರೆ.”

ಅವಳು ಗೆರಟೆಯೊಳಕ್ಕೆ ಎಡಗಾಲಿನ ಹೆಬ್ಬೆರಳು ಇಳಿಸಿದಳು. ಮೊದಲು ಏನೂ ಆಗುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಪಂಕಜಾಕ್ಷಿ ಮುಖ ತಿರುಗಿಸಿದಳು.

“ಅತ್ಲಾಗಿ ಎಂತ ನೋಡುದು? ಉಳಿದದ್ದಕ್ಕೂ ಹಚ್ಚು. ಎರಡು ಕಾಲಿಗೂ. ಯಾವ ಬೆರಳು ಅಂತ ಅವರಿಗೆ ಗೊತ್ತಾಗ್ಲಿಕ್ಕಿಲ್ಲ.”

ಸ್ವಲ್ಪ ಹೊತ್ತಿಗೆ ಉರಿ ಹತ್ತಿತು. ಅಮ್ಮಣಿ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಮೋಕ್ಷಿತಾ ಅಮ್ಮನ ಹಿಂದೆ ಬಂದು ಕುಳಿತು ಎರಡೂ ಭುಜ ಗಟ್ಟಿಯಾಗಿ ಹಿಡಿದುಕೊಂಡಳು.

ಮರುದಿನ ಹತ್ತು ಗಂಟೆಗೆ ಹರಿಣಾಕ್ಷಿ ನೀಲಿ ಗ್ಲೌಸ್ ಹಾಕಿ ಕಾಯುತ್ತಿದ್ದಳು. ಸುಬ್ಬರಾಯ ಅದೇ ಕುರ್ಚಿಯಲ್ಲಿದ್ದ. ಎದುರಿಗೆ ಚಹಾ, ಅದರ ಹತ್ತಿರ ಫೋನು.

ಅಮ್ಮಣಿ ಮಗಳ ಹೆಗಲು ಹಿಡಿದು ಮೆಟ್ಟಿಲು ಹತ್ತಿದಳು. ಹೊರಗೆ ಬಿಡಲು ಚಪ್ಪಲಿ ಇರಲಿಲ್ಲ. ಚಪ್ಪಲಿಯೊಳಗೆ ಹೋಗುವ ಕಾಲುಗಳಾಗಿ ಅವು ಉಳಿದಿರಲಿಲ್ಲ. ಗೋಡೆಗೆ ಒರಗಿ ಎಡಗಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಬೊಬ್ಬೆಗಳು ಒಡೆದಿದ್ದವು. ಬಟ್ಟೆಯ ಜೊತೆ ಹೆಬ್ಬೆರಳಿನ ಚರ್ಮವೂ ಸುಲಿದು ಬಂತು.

ಯಾರೂ ಹೇಳುವ ಮೊದಲೇ ಅವಳು ಮಗಳ ಆಸರೆಯಲ್ಲಿ ಆ ಕಾಲನ್ನು ಎತ್ತಿ ಮೇಜಿನ ಮೇಲೆ, ಸುಬ್ಬರಾಯನ ಚಹಾದ ಪಕ್ಕಕ್ಕೆ ಇಟ್ಟಳು. ಕುರ್ಚಿ ಕಿರ್ರೆಂದು ಹಿಂದೆ ಸರಿಯಿತು. ಹರಿಣಾಕ್ಷಿಯ ನೀಲಿ ಕೈಗಳು ಗಾಳಿಯಲ್ಲೇ ನಿಂತವು. ಬೊಬ್ಬೆಯ ನೀರು ಹನಿದು ಮಹಜರಿನ ಬಿಳಿ ಕಾಗದಕ್ಕೆ ಹರಡತೊಡಗಿತು.

“ಹಿಡೀರಿ,” ಅಮ್ಮಣಿ ಹೇಳಿದಳು. “ಗ್ಲೌಸ್ ಬಂದಿದೆಯಲ್ಲ.”