ಟಿಕ್ ಎನ್ನದ ಗಾಡಿ

ಗಂಡ ಕೀಲಿಕೈ ತಿರುಗಿಸುತ್ತಾ, ಶಿಳ್ಳೆ ಹಾಕುತ್ತಾ ಅಂಗಳಕ್ಕೆ ಇಳಿದದ್ದೇ ತಡ, ಗ್ಯಾರೇಜು ಮೇಸ್ತ್ರಿಯ ಹೆಂಡತಿಯ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ಆಕೆ ಮಾಡಿದ್ದ ಕೆಲಸವೇ ಅಂಥದ್ದು. ಹಿಂದಿನ ಸಂಜೆ ಗಂಡ ಸ್ನಾನಕ್ಕೆ ಹೋದ ಹೊತ್ತು ನೋಡಿ, ಹಳೆಯ ಪಿಕಪ್‌ನ ಸ್ಟೇರಿಂಗ್ ಕೆಳಗಿನ ಡಬ್ಬಿಯಿಂದ ಒಂದು ಫ್ಯೂಸ್ ಕಿತ್ತು ತಂದು ಸಕ್ಕರೆ ಡಬ್ಬಿಯಲ್ಲಿ ಹೂತಿಟ್ಟಿದ್ದಳು. ಇಂಜಿನ್ನಿಗೆ ಡೀಸೆಲ್ ಬಿಡುವ ವಾಲ್ವಿಗೆ ಕರೆಂಟು ಹೋಗುವುದು ಆ ಫ್ಯೂಸಿನಿಂದ. ಅದಿಲ್ಲದಿದ್ದರೆ ಗಾಡಿ ಎಷ್ಟು ಬೇಕಾದರೂ ಕೆಮ್ಮೀತು, ಹೊರಡಲಾರದು.

ಮಗಳು ಹೆತ್ತು ಆಸ್ಪತ್ರೆಯಲ್ಲಿದ್ದಳು. ಇವತ್ತು ಮಧ್ಯಾಹ್ನ ಮನೆಗೆ ಕಳಿಸುತ್ತಾರೆ. ಕಾರು ಮಾಡಿಕೊಂಡು ಕರೆತರುತ್ತೇನೆ ಎಂದು ಅಳಿಯ ಹೇಳಿದ್ದ. ಮೇಸ್ತ್ರಿ ಕೇಳಬೇಕಲ್ಲ. "ಊರವರ ಗಾಡಿ ಎಲ್ಲ ರಿಪೇರಿ ಮಾಡಿದೋನು ನಾನು. ನನ್ನ ಮೊಮ್ಮಗಳು ಬಾಡಿಗೆ ಕಾರಲ್ಲಿ ಬರೋದಾ? ನಾನೇ ಹೋಗಿ ತರ್ತೀನಿ" ಎಂದು ಬಿಟ್ಟ. ಆತ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ತರಲಿ, ಬೇಡ ಎನ್ನುವವರು ಯಾರು? ಆದರೆ ಆತನ ಕಣ್ಣು ಮಂಜಾಗಿತ್ತು. ಡಾಕ್ಟರು ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದರೆ, ಆ ಡಾಕ್ಟರಿಗೇ ಕಣ್ಣು ಕಾಣಿಸುವುದಿಲ್ಲ ಎನ್ನುತ್ತಿದ್ದ. ಮೊನ್ನೆ ಬೀದಿಯ ಮೂಲೆಯಲ್ಲಿ ಗಾಡಿ ನಿಲ್ಲಿಸಿ, ಹಾರ್ನ್ ಹೊಡೆದೂ ಹೊಡೆದೂ, ಕಡೆಗೆ ತಲೆ ಹೊರಗೆ ಹಾಕಿ "ಪಕ್ಕಕ್ಕೆ ಸರಿಯಯ್ಯಾ, ಕಿವುಡಾ?" ಎಂದು ಬೈದಿದ್ದ. ಬೈಸಿಕೊಂಡದ್ದು ಅಂಚೆ ಡಬ್ಬಿ. ಅಂಥವನ ಪಕ್ಕದಲ್ಲಿ ಹಸಿ ಬಾಣಂತಿಯನ್ನೂ ಎಳೆಗೂಸನ್ನೂ ಕೂರಿಸುವುದೆಂದರೆ? ವಾದ ಮಾಡಿ ಗೆಲ್ಲಬಹುದಾದ ಆಸಾಮಿಯಲ್ಲ ಎಂದು ಆಕೆಗೆ ಗೊತ್ತಿತ್ತು. ಹಾಗಾಗಿ ಫ್ಯೂಸಿಗೇ ಕೈ ಹಾಕಿದ್ದಳು.

ಕೈ ಹಾಕಲು ಬರುತ್ತಿತ್ತು, ಅದೂ ನಿಜ. ಮದುವೆಯಾದಾಗಿನಿಂದ ಗ್ಯಾರೇಜಿನಲ್ಲಿ ಇಬ್ಬರ ಕೆಲಸದ ಪದ್ಧತಿ ಒಂದೇ: ಆತ ಬಾನೆಟ್ಟಿನೊಳಗೆ ತಲೆ ತೂರಿಸಿ ಕಿವಿ ಕೊಡುವುದು, ಆಕೆ ಸೀಟಿನಲ್ಲಿ ಕೂತು ಕೀ ತಿರುಗಿಸುವುದು. ನಿಂತ ಗಾಡಿಗಳನ್ನು ಹಿಂದೆ ಮುಂದೆ ಮಾಡುತ್ತಲೇ ಆಕೆ ಓಡಿಸುವುದನ್ನೂ ಕಲಿತಿದ್ದಳು, ಲೈಸೆನ್ಸೂ ಮಾಡಿಸಿದ್ದಳು. ಗಿರಾಕಿಗಳ ಗಾಡಿ ಮನೆ ಮುಟ್ಟಿಸಿ ಬರುವವಳೂ ಆಕೆಯೇ. ಮೇಸ್ತ್ರಿಯ ಸ್ವಂತ ಪಿಕಪ್ ಮಾತ್ರ ಆಕೆಯ ಕೈಗೆ ಸಿಕ್ಕಿರಲಿಲ್ಲ.

"ಲೇ, ಬಾರೇ ಇಲ್ಲಿ. ಯಾಕೋ ಹಟ ಮಾಡ್ತಿದೆ" ಎಂದು ಕೂಗಿದ ಮೇಸ್ತ್ರಿ.

ಆಕೆ ಏನೂ ಅರಿಯದವಳಂತೆ ಕೈ ಒರೆಸಿಕೊಳ್ಳುತ್ತಾ ಬಂದು ಸೀಟಿನಲ್ಲಿ ಕೂತಳು.

"ಹೊಡಿ!"

ಕೀ ತಿರುಗಿಸಿದಳು. ಗರ್ ಗರ್ ಎಂದಿತು, ಅಷ್ಟೇ.

"ಬ್ಯಾಟರಿ ಗಟ್ಟಿಯಾಗಿದೆ. ಈಗ ಬರೀ ಕೀ ಆನ್ ಮಾಡು. ಉಸಿರು ಬಿಡಬೇಡ."

ಆಕೆಗೆ ಹೇಗೂ ಉಸಿರು ಬರುತ್ತಿರಲಿಲ್ಲ. ಮೇಸ್ತ್ರಿ ತಲೆ ವಾಲಿಸಿ ಕೇಳಿಸಿಕೊಂಡ.

"ಟಿಕ್ ಅನ್ನಲಿಲ್ಲ. ಡೀಸೆಲ್ ವಾಲ್ವು ಟಿಕ್ ಅನ್ನಬೇಕು. ಫ್ಯೂಸ್ ಹೋಗಿರುತ್ತೆ, ಇನ್ನೇನು?"

ಮುಗಿಯಿತು ಕತೆ, ಎಂದುಕೊಂಡಳು. ರಾತ್ರಿಯೆಲ್ಲ ನಿದ್ದೆಗೆಟ್ಟು ಕಟ್ಟಿದ ಉಪಾಯ ಒಂದು ಗಳಿಗೆಯೂ ಬಾಳಲಿಲ್ಲ. ಮೇಸ್ತ್ರಿ ಬಾಗಿಲ ಬಳಿ ಬಂದು, ಆಕೆಯ ಮೊಣಕಾಲಿನ ಪಕ್ಕ ಬಗ್ಗಿ, ಫ್ಯೂಸ್ ಡಬ್ಬಿಯ ಮುಚ್ಚಳ ತೆಗೆದ. ಕೆಂಪು, ನೀಲಿ, ಹಳದಿ ಫ್ಯೂಸ್‌ಗಳ ಸಾಲು. ನಡುವೆ ಹಲ್ಲು ಬಿದ್ದ ಬಾಯಿಯಂತೆ ಒಂದು ಖಾಲಿ ಗೂಡು. ಮೇಲಿಂದಲೇ ಆಕೆಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಏನಾದರೂ ಸುಳ್ಳು ಹೊಂದಿಸಿಕೊಳ್ಳತೊಡಗಿದಳು.

ಮೇಸ್ತ್ರಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಕನ್ನಡಕ ಮೇಲೇರಿಸಿ ನೋಡಿದ, ಕೆಳಗಿಳಿಸಿ ನೋಡಿದ.

"ಎಲ್ಲ ಸರಿ ಇದೆ" ಎಂದು ಮುಚ್ಚಳ ಹಾಕಿದ.

ಸಿಕ್ಕಿಬೀಳದೆ ಉಳಿದೆನಲ್ಲ ಎಂದು ಆಕೆ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಅಂಚೆ ಡಬ್ಬಿ ದೂರದಲ್ಲಿತ್ತು, ಹೋಗಲಿ. ಇದು ಮೂಗಿನ ತುದಿಯಲ್ಲಿತ್ತಲ್ಲ!

ಅಲ್ಲಿಂದ ಮುಂದೆ ಮೇಸ್ತ್ರಿ ಗಾಡಿಯನ್ನು ಬಿಚ್ಚತೊಡಗಿದ. ಬ್ಯಾಟರಿಯಿಂದ ನೇರವಾಗಿ ಒಂದು ತಂತಿ ಮುಟ್ಟಿಸಿದರೆ ವಾಲ್ವು ಟಿಕ್ ಎಂದಿತು. "ವಾಲ್ವು ಜೀವಂತ ಇದೆ. ಹೀಗೇ ತಂತಿ ಕಟ್ಟಿಕೊಂಡು ಹೋಗಬಹುದು. ಆದರೆ ಮೊಮ್ಮಗಳನ್ನ ತೇಪೆ ಹಾಕಿದ ಗಾಡೀಲಿ ತರೋ ಮೇಸ್ತ್ರಿ ಅಲ್ಲ ನಾನು. ಕರೆಂಟು ಎಲ್ಲಿ ನಿಂತಿದೆ ಅಂತ ಹುಡುಕ್ತೀನಿ" ಎಂದ. ಡ್ಯಾಶ್‌ಬೋರ್ಡಿನ ಅಡಿಯಿಂದ ತಂತಿಗಳನ್ನು ಒಂದೊಂದಾಗಿ ಎಳೆದು ಬೆರಳಿನಲ್ಲಿ ಸವರಿ ನೋಡಿದ. ಗಾಡಿಯ ಕರುಳೆಲ್ಲ ಆಕೆಯ ತೊಡೆಯ ಮೇಲೆ ಬಿತ್ತು. ಆಮೇಲೆ ಸ್ಪ್ಯಾನರು ಹಿಡಿದು ಮತ್ತೆ ಬಾನೆಟ್ಟಿನ ಕಡೆ ಹೋದ.

ಬೀದಿಗೆ ಕಾಣುವ ಹಾಗೆ ಬಾನೆಟ್ ತೆರೆದರೆ ಜನ ಸೇರದೆ ಇರುತ್ತಾರೆಯೇ? ಬಿಟ್ಟಿ ಸಲಹೆ ಕೊಡುವುದರಲ್ಲಿ ಈ ಬೀದಿಯವರದು ಎತ್ತಿದ ಕೈ. ನಿವೃತ್ತ ಪೋಸ್ಟ್‌ಮಾಸ್ಟರು ಬಂದು, "ಡೀಸೆಲ್ ಇದೆಯಾ ನೋಡಿದಿರಾ?" ಎಂದರು.

"ಇಲ್ಲ, ಕಷಾಯ ಹಾಕಿದ್ದೀನಿ" ಎಂದ ಮೇಸ್ತ್ರಿ.

ಎದುರುಮನೆಯ ಟೈಲರು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಬೇಡ ಎನ್ನುವಷ್ಟರಲ್ಲಿ ಬಾಗಿಲಿನಿಂದ ಬಗ್ಗಿ ಫ್ಯೂಸ್ ಡಬ್ಬಿ ತೆರೆದೇಬಿಟ್ಟ. ಇಡೀ ದಿನ ಸೂಜಿಗೆ ದಾರ ಪೋಣಿಸುವ ಕಣ್ಣು ಅವನದು.

"ಮೇಸ್ತ್ರಿಗಳೇ, ಇಲ್ಲೊಂದು ಗೂಡು ಖಾ..."

ಮೇಸ್ತ್ರಿಯ ಹೆಂಡತಿಯ ಮೊಣಕಾಲು ಅವನ ಗದ್ದಕ್ಕೆ ಬಡಿಯಿತು. ಟೈಲರು ನಾಲಿಗೆ ಕಚ್ಚಿಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡ. ಆಕೆ ಕಣ್ಣಲ್ಲೇ ಕೈಮುಗಿದಳು.

"ಖಾ... ಖಾಲಿ ಹೊಟ್ಟೇಲಿ ಕೆಲಸ ಮಾಡಬೇಡಿ ಅಂದೆ" ಎಂದ ಟೈಲರು, ತೊದಲುತ್ತಾ.

ಬಾನೆಟ್ಟಿನ ಹಿಂದೆ ಸ್ಪ್ಯಾನರಿನ ಸದ್ದು ನಿಂತಿತು. ಮೇಸ್ತ್ರಿಯ ಕಣ್ಣಿಗೆ ಪೊರೆ ಬಂದಿರಬಹುದು, ಕಿವಿಗೆ ಬಂದಿರಲಿಲ್ಲ.

"ನೀವಿಬ್ಬರೂ ಮನೆಗೆ ಹೋಗಿ" ಎಂದ.

ಇಬ್ಬರೂ ಹೋದರು. ಪೋಸ್ಟ್‌ಮಾಸ್ಟರು ಮಾತ್ರ ಹೋಗುತ್ತಾ ಹೋಗುತ್ತಾ ಚಕ್ರದ ಗಾಳಿ ಒತ್ತಿ ನೋಡಿದರು.

ಮೇಸ್ತ್ರಿ ಬಂದು ಮತ್ತೆ ಬಗ್ಗಿದ. ಈ ಸಲ ನೋಡಲಿಲ್ಲ, ತೋರುಬೆರಳನ್ನು ಫ್ಯೂಸ್‌ಗಳ ಮೇಲೆ ಹಾಯಿಸಿದ. ಬೆರಳು ಸಾಗುತ್ತಾ ಸಾಗುತ್ತಾ ಗೂಡಿಗೆ ಬಿತ್ತು.

"ಇದು ಯಾವಾಗಿಂದ ಖಾಲಿ?"

"ನಿನ್ನೆ ಸಂಜೆಯಿಂದ. ನಾನೇ ತೆಗೆದೆ ಕಣ್ರೀ. ಮಗು ಬರೋ ಗಾಡಿ... ಹೆದರಿಕೆ ಆಯ್ತು."

ಬೈಯುತ್ತಾನೆ ಎಂದು ಆಕೆ ಕಾದಳು. ಸ್ಪ್ಯಾನರು ಹಾರಿದರೂ ಹಾರೀತು ಎಂದು ತಲೆಯನ್ನೂ ಸ್ವಲ್ಪ ತಗ್ಗಿಸಿದಳು. ಆತ ಬೆರಳನ್ನು ಗೂಡಿನಲ್ಲೇ ಇಟ್ಟುಕೊಂಡು ನಿಂತಿದ್ದ.

"ನಾನು ಎಲ್ಲ ಸರಿ ಇದೆ ಅಂದಾಗಲೂ ಖಾಲಿ ಇತ್ತಾ?"

"ಹ್ಞೂಂ."

"ನನಗೆ ತುಂಬಿದ ಹಾಗೇ ಕಾಣಿಸ್ತು ಕಣೇ" ಎಂದ ಮೇಸ್ತ್ರಿ, ಬಹಳ ಮೆಲ್ಲಗೆ.

ಆಕೆ ತಂತಿಗಳನ್ನು ಪಕ್ಕಕ್ಕೆ ಸರಿಸಿ ಇಳಿದು, ಒಳಗೆ ಹೋಗಿ ಫ್ಯೂಸ್ ತಂದು ಆತನ ಅಂಗೈಯಲ್ಲಿಟ್ಟಳು.

"ಇದೇನು ಅಂಟಂಟು?"

"ಸಕ್ಕರೆ ಡಬ್ಬೀಲಿಟ್ಟಿದ್ದೆ."

"ಕಳ್ಳತನಾನಾದ್ರೂ ಶುದ್ಧವಾಗಿ ಮಾಡಬಾರದಾ?" ಎಂದು ಗೊಣಗುತ್ತಾ ಅದನ್ನು ಅಂಗಿಗೆ ಒರೆಸಿದ. ತಂತಿಗಳನ್ನೆಲ್ಲ ಕೈಯಂದಾಜಿನಲ್ಲೇ ಹಿಂದಕ್ಕೆ ತುರುಕಿ, ಬೆರಳಿನಿಂದಲೇ ದಾರಿ ಹುಡುಕಿ ಫ್ಯೂಸ್ ಒತ್ತಿದ. ಆಕೆ ಸೀಟಿನಲ್ಲಿ ಕೂತು ಕೀ ಆನ್ ಮಾಡಿದಳು. ಟಿಕ್. ಇನ್ನಷ್ಟು ತಿರುಗಿಸಿದಾಗ ಗಾಡಿ ಒಮ್ಮೆ ನಡುಗಿ ಗುಡುಗಿತು.

ಆಕೆ ಇಳಿಯಹೊರಟಳು. "ಕೂತಿರು" ಎಂದ ಮೇಸ್ತ್ರಿ. ಬಾಗಿಲನ್ನು ತಾನೇ ಹಾಕಿ, ಬಾನೆಟ್ ಇಳಿಸಿ, ಅದರ ಅಂಚನ್ನು ಸವರಿಕೊಂಡೇ ಸುತ್ತು ಬಂದು ಆ ಕಡೆಯಿಂದ ಹತ್ತಿದ. ಹತ್ತಿದವನು ಬಾಗಿಲು ಎಳೆದ, ಹಾಕಿಕೊಳ್ಳಲಿಲ್ಲ. ಮತ್ತೆ ಎಳೆದ.

"ಇದ್ಯಾಕೆ ಹಾಕ್ಕೊಳ್ಳಲ್ಲ?"

"ಸ್ವಲ್ಪ ಎತ್ತಿ ಎಳೀಬೇಕು. ನೀವು ಆ ಕಡೆ ಯಾವತ್ತು ಕೂತಿದ್ರಿ ಗೊತ್ತಾಗೋದಕ್ಕೆ? ಸರಿ ಮಾಡಿ, ಸರಿ ಮಾಡಿ ಅಂತ ನಾನು ಬಡ್ಕೊಂಡಿದ್ದೇ ಬಂತು."

ಎತ್ತಿ ಎಳೆದ. ಹಾಕಿಕೊಂಡಿತು. ಗಾಡಿ ಬೀದಿಗಿಳಿಯಿತು. ಅಂಗಡಿ ಬಾಗಿಲಲ್ಲಿ ಟೈಲರು ಗದ್ದ ಹಿಡಿದುಕೊಂಡೇ ಕೈಬೀಸಿದ. ಮೇಸ್ತ್ರಿ ದಾರಿಯುದ್ದಕ್ಕೂ "ಕ್ಲಚ್ ಪೂರ್ತಿ ಒತ್ತು", "ಗೇರ್ ಅಳ್ತಿದೆ, ಕೇಳಿಸಲ್ವಾ" ಎಂದು ಕಿವಿಯಿಂದಲೇ ಗಾಡಿ ಓಡಿಸಿದ.

ಆಸ್ಪತ್ರೆಯ ತಿರುವು ಬಂದಾಗ ದನಿ ತಗ್ಗಿಸಿದ. "ಲೇ, ಮೊನ್ನೆ ಮಗು ನೋಡಿ, ಥೇಟ್ ನನ್ನ ಹಾಗೇ ಇದೆ ಅಂದೆನಲ್ಲ."

"ಅಂದಿರಿ. ಇಡೀ ವಾರ್ಡಿಗೆ ಕೇಳಿಸೋ ಹಾಗೆ."

"ನನಗೆ ಒಂದು ಬಿಳೀ ಬಟ್ಟೆ ಗಂಟು ಕಾಣಿಸ್ತು, ಅಷ್ಟೇ. ಈಗ ನಿಜ ಹೇಳು. ಯಾರ ಹಾಗಿದೆ?"

ಆಕೆ ಗಾಡಿ ನಿಧಾನ ಮಾಡಿದಳು. ಕಣ್ಣೊರೆಸಿಕೊಂಡರೆ ಗೊತ್ತಾಗುತ್ತದೆ ಎಂದುಕೊಂಡಳು. ಗೊತ್ತಾಗುವುದಿಲ್ಲ ಎಂದು ನೆನಪಾಗಿ ಒರೆಸಿಕೊಂಡಳು.

"ನಿಮ್ಮ ಹಾಗೇ ಕಣ್ರೀ" ಎಂದಳು. "ಪಾಪ."