ಮನೆ ಬೆಳೆಸಿದ ಟೇಪು

ನಾನು ಪುರಸಭೆಯ ಅಳತೆ ಟೇಪು. ನೂರು ಅಡಿ ಉದ್ದ, ಚರ್ಮದ ಡಬ್ಬಿ, ಸುತ್ತಿಕೊಳ್ಳಲು ಹಿತ್ತಾಳೆಯ ಹಿಡಿಕೆ. ನಾನು ಕಾರ್ಖಾನೆಯಿಂದ ಹೊರಬಿದ್ದ ದಿನ ಉಳಿದ ಟೇಪುಗಳೆಲ್ಲ ನಾಚಿ ಡಬ್ಬಿಯೊಳಗೆ ಸೇರಿಕೊಂಡವು. ಈ ಊರಿನಲ್ಲಿ ನಾನು ಅಳೆಯದ ಗೋಡೆಯಿಲ್ಲ. ನಾನು ಅಂಗಳಕ್ಕೆ ಕಾಲಿಟ್ಟರೆ ಕಟ್ಟಿದ ಎಮ್ಮೆಯೂ ಹೊಟ್ಟೆ ಒಳಗೆಳೆದುಕೊಳ್ಳುತ್ತಿತ್ತು. ಜನ ನನ್ನನ್ನು ಹಾವು ಕಂಡಂತೆ ನೋಡುತ್ತಿದ್ದರು. ನನಗೂ ಅವರ ಮೇಲೆ ಪ್ರೀತಿ ಸುರಿಯುತ್ತಿರಲಿಲ್ಲ.

ನನ್ನ ಮೊದಲ ಒಂದು ಅಡಿಯನ್ನು ತಿಂದದ್ದು ಹುಲಿ. ಸರಿ, ಹುಲಿಯಲ್ಲ, ಒಂದು ಕಬ್ಬಿಣದ ಗೇಟು. ಸಿಕ್ಕಿ ಹರಿಯಿತು. ಜವಾನ ದ್ಯಾಮಣ್ಣ ಹರಿದ ತುದಿಗೇ ಉಂಗುರ ಹೊಲಿದ. ಅಂದಿನಿಂದ ನಾನು ಶುರುವಾಗುವುದೇ ಒಂದರಿಂದ. ಅಳೆದಾಗಲೆಲ್ಲ ದ್ಯಾಮಣ್ಣ ಗೋಡೆಯ ಬುಡದಿಂದ, "ಒಂದ ಕಳೀರಿ ಸಾಹೇಬ್ರ" ಎನ್ನುತ್ತಿದ್ದ. ಅವನು ನಿವೃತ್ತನಾದ. ಆ ಮಾತೂ ಅವನ ಹಿಂದೆಯೇ ಮನೆಗೆ ಹೋಯಿತು. ಆಮೇಲೆ ನೋಡಿ ನನ್ನ ಪ್ರತಾಪ! ಒಂದು ಇಟ್ಟಿಗೆ ಇಡದೆ ಊರಿನ ಮನೆಗಳನ್ನೆಲ್ಲ ಅಡಿ ಅಡಿ ಬೆಳೆಸಿದೆ. ಯಾವ ಮೇಸ್ತ್ರಿಯ ಕೈಲಾದೀತು?

ಹಾಗಿರುವಾಗ ಗಂಟುಬಿದ್ದವಳು ದರ್ಜಿ ನಿಂಬೆವ್ವ. ಇಪ್ಪತ್ತು ವರ್ಷ ಹೊಲಿಗೆ ಮಷಿನ್ ತುಳಿದು ಸಂಸಾರಕ್ಕೊಂದು ಮನೆ ಕೊಂಡಿದ್ದಳು. ಆರುನೂರು ಚದರಡಿಯೊಳಗಿನ ಮನೆ ಕೊಂಡು ತಾವೇ ವಾಸಿಸುವವರಿಗೆ ಆಸ್ತಿ ತೆರಿಗೆಯಲ್ಲಿ ಅರ್ಧ ಮಾಫಿ. ಅವಳದು ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು, ಐನೂರ ಎಪ್ಪತ್ತಾರು. ನಾನು ಒಮ್ಮೆ ಮೈಚಾಚಿದ್ದೇ ತಡ, ಇಪ್ಪತ್ತೈದಕ್ಕೆ ಇಪ್ಪತ್ತೈದು, ಆರುನೂರ ಇಪ್ಪತ್ತೈದು! ಕಂದಾಯದ ತುರಮರಿ ಸಾಹೇಬರು ಮಾಫಿ ಇಲ್ಲವೆಂದು ಬರೆದೇಬಿಟ್ಟರು. ಪೂರಾ ತೆರಿಗೆ ಕಟ್ಟಬೇಕಾದರೆ ಅತ್ತೆಯ ಕೋಣೆಯನ್ನು ಬಾಡಿಗೆಗೆ ಬಿಡದೆ ಗತಿಯಿರಲಿಲ್ಲ.

ನಿಂಬೆವ್ವ ಅಳಲಿಲ್ಲ. ಕೊರಳಲ್ಲಿದ್ದ ತನ್ನ ಟೇಪು ತೆಗೆದು ಗೋಡೆಗೆ ಹಿಡಿದಳು. ಆ ಐದು ಅಡಿಯ ಹುಳ ನನಗೆ ಸವಾಲು ಹಾಕಿತು!

"ಜಂಪರ್ ಹೊಲಿಯೋ ಟೇಪ್ ಹಿಡಕೊಂಡು ಸರಕಾರಕ್ಕ ಅಳತಿ ಕಲಸ್ತಿಯೇನವಾ?" ಎಂದು ಸಾಹೇಬರು ನಕ್ಕರು.

"ಮನಿ ಒಂದಡಿ ಬೆಳದೈತಿ ಅಂತ ಬರದೀರಲ್ಲರಿ, ಆ ಅಡಿ ಎಲ್ಲೈತಿ ತೋರಸ್ರಿ. ನಮ್ಮತ್ತೀನ ಅಲ್ಲೇ ಮಲಗಸ್ತೇನಿ."

ಸಾಹೇಬರ ಮುಖ ಕೆಂಪಾಯಿತು. ಕೆಲಸಕ್ಕೆ ಅಡ್ಡಿ ಮಾಡಿದರೆ ಪೊಲೀಸರನ್ನು ಕರೆಸುವೆನೆಂದು ಗದರಿದರು. ಅವಳು ನನ್ನ ಉಂಗುರ ಹಿಡಿದೆಳೆದು ಬೀದಿಯವರ ಮುಂದೆ ಎತ್ತಿದಳು.

"ಬಟ್ಟಿ-ಅರಿವಿಗೆ ಕತ್ತರಿ ಹಚ್ಚೂಕಿಂತ ಮೊದ್ಲ ನಾವು ಟೇಪಿನ ಮೂತಿ ನೋಡ್ತೇವ್ರಿ. ನಿಮ್ಮದಕ್ಕ ಮೂತೀನ ಇಲ್ಲ."

ಬೀದಿಗೆ ಬೀದಿಯೇ ನಕ್ಕಿತು. ಎಂಥ ನಗು! ಮೂರು ಹೆಂಚು ಜಾರಿದವು. ನಿಂಬೆವ್ವ ಅಲ್ಲಿಯೇ ನಿಂತು, ಬರೆದದ್ದನ್ನು ಹೊಡೆದುಹಾಕಿಸಿ, ಅರ್ಧ ಮಾಫಿ ಎಂದು ಬರೆಸಿ, ಸಹಿ ಹಾಕಿಸಿಕೊಂಡೇ ದಾರಿ ಬಿಟ್ಟಳು.

ಮರುದಿನ ಪುರಸಭೆಯ ಬಾಗಿಲಲ್ಲಿ ಊರಿಗೆ ಊರೇ ನಿಂತಿತ್ತು, ನಮ್ಮ ಮನೆಯನ್ನೂ ಮತ್ತೆ ಅಳೆಯಿರಿ ಎಂದು. ಆ ಟೇಪು ಕಳೆದುಹೋಗಿದೆ ಎಂದರು ಸಾಹೇಬರು. ಹಾಗೆನ್ನುವ ಮೊದಲು ನನ್ನನ್ನು ಕಪಾಟಿನ ಹಿಂದಕ್ಕೆ ಬೀಳಿಸಿದ್ದರು. ಟೇಪು ಸಿಗಲಿ, ನೋಡೋಣ ಎಂದು ಎಲ್ಲರನ್ನೂ ಮನೆಗೆ ಕಳಿಸಿದರು.

ಹದಿನೈದು ವರ್ಷವಾಯಿತು, ಇಲ್ಲಿಯೇ ಇದ್ದೇನೆ. ನಾನು ಸುಳ್ಳು ಹೇಳಿದೆನೆಂದು ಆ ದರ್ಜಿ ಈಗಲೂ ಸಾರುತ್ತಾಳಂತೆ. ನನ್ನ ಮೈಮೇಲಿನ ಒಂದು ಅಂಕಿಯೂ ತನ್ನ ಜಾಗ ಬಿಟ್ಟು ಕದಲಿಲ್ಲ. ಹಿಡಿದವರು ಬಾಲ ಓದಿದರು, ಮೂತಿ ನೋಡಲಿಲ್ಲ.

ಮೊನ್ನೆ ಇಲಿಯೊಂದು ನನ್ನ ಎರಡನೆಯ ಅಡಿಯನ್ನೂ ತಿಂದು ಮುಗಿಸಿತು. ಕಪಾಟಿಗೆ ಬಣ್ಣ ಹೊಡೆಯಲು ಹೊಸ ಜವಾನ ಬರುತ್ತಾನಂತೆ. ಅವನ ಬಳಿ ಸೂಜಿದಾರ ಇದ್ದರೆ ಸಾಕು.