ಒಂದೇ ಸಲದ ಪೂಜೆ

ಬಸವಕಲ್ಯಾಣದ ಸಂಗಮ್ಮ ಇಷ್ಟಲಿಂಗ ಪೂಜೆಗೆ ಕೂತರೆ ಏಳುವುದು ಮಧ್ಯಾಹ್ನಕ್ಕೆ. ಲಿಂಗ ತೊಳೆಯುವಳು, ಕೈ ಮೈಲಿಗೆಯಾಯಿತೇನೋ ಎಂದು ಕೈ ತೊಳೆಯುವಳು. ವಚನದಲ್ಲಿ ಒಂದು ಮಾತು ತಪ್ಪಿತೇನೋ ಎನಿಸಿದರೆ ಮತ್ತೆ ಮೊದಲಿನಿಂದ. ಲಿಂಗವಿದ್ದಲ್ಲಿ ಮೈಲಿಗೆಯಿಲ್ಲವೆಂದು ಚಿಕ್ಕಂದಿನಿಂದ ಕೇಳಿದ ಮಾತು ಅವಳ ಕೈಗಳಿಗೆ ಮಾತ್ರ ಇಳಿದಿರಲಿಲ್ಲ. "ರೀ, ಸ್ವಚ್ಛ ಆಗ್ಯಾದೇನ್ರಿ?" ಎಂದು ಒಳಗಿನಿಂದ ಕೇಳಿದಾಗೆಲ್ಲ ಗಂಡ ಮಹಾರುದ್ರಪ್ಪ "ಆಗ್ಯಾದ" ಎನ್ನುತ್ತಿದ್ದ. "ನಮ್ಮಾಕಿ ಭಕ್ತಿ ಅಂದ್ರ ಭಕ್ತಿರಿ" ಎಂದು ಓಣಿಯಲ್ಲಿ ಬೀಗುತ್ತಿದ್ದ.

ಹುಮನಾಬಾದಿನಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ರೂಪಾಲಿ, ತಾಯಿಯ ಒಡೆದ ಬೆರಳುಗಳನ್ನು ಹಿಡಿದು ಕೇಳಿದಳು: "ಯವ್ವಾ, ಪೂಜಾದಾಗ ನಿನಗ ಸಮಾಧಾನ ಅದ ಏನು?"

ಯಾರೂ ಕೇಳದ ಮಾತು. ಸಂಗಮ್ಮ ಅತ್ತುಬಿಟ್ಟಳು. "ಬರೇ ಹೆದರಿಕಿ ಅದವ್ವ. ನಿನ್ನ ಕೂಸಿಗಿ ಲಿಂಗ ಕಟ್ಟಬೇಕಾದಾಕಿ ನಾ. ಈ ಕೈಲೆ ಹ್ಯಾಂಗ ಮುಟ್ಟಲಿ?"

ಕೂಸಿಗೆ ಅಜ್ಜಿಯೇ ಲಿಂಗ ಕಟ್ಟುವುದು ಆ ಮನೆಯ ಪದ್ಧತಿ.

ರೂಪಾಲಿ ತಾಯಿ ತಂದೆ ಇಬ್ಬರನ್ನೂ ಹುಮನಾಬಾದಿನ ಮನೋವೈದ್ಯೆ ಸುಮೇಧಾ ಅವರ ಹತ್ತಿರ ಕರೆದೊಯ್ದಳು.

"ಭಕ್ತಿ ನಿಮ್ದೇ ಅದ್ರಿ, ಆದ್ರ ಈ ಹೆದರಿಕಿ ಗೀಳಿನ ಬ್ಯಾನಿ," ಎಂದರು ವೈದ್ಯೆ. "ಗುಳಿಗಿ ಕೊಡ್ತೀನಿ. ಅದರ ಜೋಡಿ ಅಭ್ಯಾಸ. ಒಂದೇ ಸಲ ತೊಳೀರಿ, ಒಂದೇ ಸಲ ವಚನ ಅನ್ರಿ. ಅನುಮಾನ ಬಂದ್ರ ಬರ್ಲಿ, ಅದನ್ನ ಇಟ್ಕೊಂಡೇ ಏಳ್ರಿ. ಯಜಮಾನ್ರೇ, ನೀವು 'ಆಗ್ಯಾದ' ಅನ್ನೋದು ಬಿಡ್ರಿ, ಅಂದಷ್ಟೂ ಈ ಹೆದರಿಕಿ ಬೆಳೀತದ. 'ಗೊತ್ತಿಲ್ಲ' ಅನ್ರಿ."

"ಹೆಂಡ್ತಿ ಮುಂದ ಗೊತ್ತಿಲ್ಲ ಅಂದವ ಅಲ್ರಿ ನಾ!"

"ಅಂದಿಲ್ಲ ಖರೇ," ಎಂದಳು ಸಂಗಮ್ಮ, "ಗೊತ್ತಿತ್ತೇನು?"

ಎಷ್ಟೋ ದಿನಗಳ ಮೇಲೆ ಅವಳು ನಕ್ಕಿದ್ದಳು. ಆದರೆ ಅಭ್ಯಾಸ ಹಗುರವಿರಲಿಲ್ಲ. ಪೂಜೆ ಮುಗಿಸಿ ನಳದ ಕಡೆ ಹೋಗದೆ ಕಂಬ ಹಿಡಿದು ಕೂರುವಳು. ಗುಳಿಗೆಗೆ ಮೊದಮೊದಲು ಹೊಟ್ಟೆ ತೊಳಸುತ್ತಿತ್ತು, ಗುಣ ಕಾಣಲು ವಾರಗಳೇ ಬೇಕಾದವು. ಎರಡು ಸಲ ಸೋತು ಹಿಂದಿನಂತೆಯೇ ತೊಳೆಯುತ್ತ ಕೂತಳು. ವೈದ್ಯೆ ಬೈಯಲಿಲ್ಲ, ಗುಳಿಗೆಯ ಪ್ರಮಾಣ ಏರಿಸಿದರು. ಹೆದರಿಕೆ ತಾನಾಗಿ ಇಳಿಯುವುದನ್ನು ಸಂಗಮ್ಮ ನಿಧಾನಕ್ಕೆ ಕಂಡಳು.

ತೊಟ್ಟಿಲ ದಿನ ಕೂಸು ಅವಳ ತೊಡೆಯ ಮೇಲೆ. ಬಂಧುಗಳೆಲ್ಲ ಸುತ್ತ. ವಚನದ ನಡುವೆ ನಾಲಿಗೆ ತೊಡರಿದಂತಾಯಿತು. ಲಿಂಗದ ದಾರ ಹಿಡಿದ ಕೈ ನಿಂತಿತು.

"ರೀ, ತಪ್ಪಿತೇನ್ರಿ?"

ಬಂಧುಗಳ ಎದುರೇ ಮಹಾರುದ್ರಪ್ಪ ಹೇಳಿದ: "ಗೊತ್ತಿಲ್ಲ, ಸಂಗಮ್ಮ."

ಅವಳು ಹಿಂದಕ್ಕೆ ಹೋಗಲಿಲ್ಲ. ಮುಂದಿನ ಸಾಲು ಅಂದಳು, ಲಿಂಗ ಕಟ್ಟಿದಳು. ಅಷ್ಟರಲ್ಲಿ ಕೂಸು ಅವಳ ಸೀರೆ ತೋಯಿಸಿತು.

"ಯವ್ವಾ, ಕೊಡು ಇತ್ಲಾಗ," ಎಂದು ರೂಪಾಲಿ ಕೈ ಚಾಚಿದಳು.

"ಇರ್ಲಿ ಬಿಡವ್ವ," ಎಂದು ಸಂಗಮ್ಮ ಕೂಸನ್ನು ಇನ್ನಷ್ಟು ಅವಚಿಕೊಂಡಳು. ಆ ಒದ್ದೆಯಲ್ಲೇ ಕೂತು ಮನದಲ್ಲಿ ಕೈ ಮುಗಿದಳು: ಲಿಂಗಯ್ಯನಿಗೆ, ವೈದ್ಯೆ ಸುಮೇಧಾ ಅವರಿಗೆ, ಕೇಳಬೇಕಾದ ಮಾತು ಕೇಳಿದ ಮಗಳಿಗೆ, ಗೊತ್ತಿಲ್ಲ ಎನ್ನಲು ಕಲಿತ ಗಂಡನಿಗೆ.